ನಾಟಿಯೋ, ನೇರ ಬಿತ್ತನೆಯೋ: ಭತ್ತದ ಬೆಳವಣಿಗೆಯ ಹಂತಗಳು ಮತ್ತು ಬೇಸಾಯ ಕ್ರಮಗಳ ಸಮೀಕ್ಷೆ

ಕರ್ನಾಟಕದಲ್ಲಿ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಭತ್ತ ಬೆಳೆಯುತ್ತದೆಯಾದರೂ ಬೆಳೆಯನ್ನು ಗದ್ದೆಗೆ ತರುವ ಬಗೆ ಎಲ್ಲೆಡೆಯೂ ಒಂದೇ ಅಲ್ಲ. ಕರಾವಳಿಯ ಬೈಲು ಗದ್ದೆಗಳಲ್ಲಿ ಮುಂಗಾರಿನ ಕೆಸರಿಗೆ ನೇಜಿ ನೆಡುತ್ತಾರೆ. ಮಂಡ್ಯದ ಕಾಲುವೆ ಬಯಲಿನಲ್ಲಿ ಒಟ್ಲು ಹಾಕಿ, ಪೈರು ಕಿತ್ತು ನಾಟಿ ಮಾಡುತ್ತಾರೆ. ಧಾರವಾಡ, ಖಾನಾಪುರ, ಹಾನಗಲ್ಲುಗಳ ಮಳೆಯಾಶ್ರಿತ ಹೊಲಗಳಲ್ಲಿ ಒಣ ಬೀಜವನ್ನು ಕೂರಿಗೆಯಲ್ಲಿ ಬಿತ್ತಿ ಎಡೆ ಹೊಡೆಯುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಪ್ಪುಮಣ್ಣಿನಲ್ಲಿ, ಒಂದು ಕಾಲಕ್ಕೆ ನಾಟಿಯೇ ಸರ್ವಸ್ವವಾಗಿದ್ದ ಕಡೆ, ಟ್ರ್ಯಾಕ್ಟರ್ ಕೂರಿಗೆಯ ನೇರ ಬಿತ್ತನೆ ವರ್ಷದಿಂದ ವರ್ಷಕ್ಕೆ ಹರಡುತ್ತಿದೆ. ಇವುಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಯನ್ನು ಕೃಷಿ ಮೇಳಗಳಲ್ಲೂ ಇಲಾಖೆಯ ಕೈಪಿಡಿಗಳಲ್ಲೂ ಸಾಮಾನ್ಯವಾಗಿ ಎಕರೆವಾರು ಖರ್ಚು ಮತ್ತು ಇಳುವರಿಯ ಲೆಕ್ಕದಲ್ಲಿ ಇತ್ಯರ್ಥಪಡಿಸಲಾಗುತ್ತದೆ. ಆ ಲೆಕ್ಕ ಬೇಕಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಭತ್ತದ ಗಿಡ ತನ್ನ ನಾಲ್ಕೈದು ತಿಂಗಳ ಆಯುಸ್ಸಿನ ಯಾವ ಹಂತದಲ್ಲಿ ಏನನ್ನು ಬೇಡುತ್ತದೆ, ಮತ್ತು ಒಂದೊಂದು ಬೇಸಾಯ ಕ್ರಮವು ಆ ಬೇಡಿಕೆಗಳಲ್ಲಿ ಯಾವುದನ್ನು ಪೂರೈಸಿ ಯಾವುದನ್ನು ಕಡೆಗಣಿಸುತ್ತದೆ ಎಂಬುದೇ ಆ ಪ್ರಶ್ನೆ.

ಸಸ್ಯವಿಜ್ಞಾನಿಗಳು ಭತ್ತದ ಜೀವಿತಾವಧಿಯನ್ನು ಮೂರು ಘಟ್ಟಗಳಾಗಿ ವಿಂಗಡಿಸುತ್ತಾರೆ. ಬೀಜ ಮೊಳೆಯುವುದರಿಂದ ಹಿಡಿದು ಕಾಂಡದ ಬುಡದೊಳಗೆ ತೆನೆಯ ಅಂಕುರ ಹುಟ್ಟುವವರೆಗಿನದು ಸಸ್ಯಕ ಘಟ್ಟ, ಅಂದರೆ ಬೇರು, ಗರಿ, ತೆಂಡೆಗಳು ಬೆಳೆಯುವ ಕಾಲ. ತೆನೆಯ ಅಂಕುರದಿಂದ ಹೂ ಅರಳುವವರೆಗಿನದು ಸಂತಾನೋತ್ಪತ್ತಿಯ ಘಟ್ಟ. ಹೂವಿನಿಂದ ಕೊಯ್ಲಿನವರೆಗಿನದು ಕಾಳು ಬಲಿಯುವ ಘಟ್ಟ. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಇದನ್ನೇ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಗುರುತಿಸುತ್ತದೆ: ಮೊಳಕೆ ಸೊನ್ನೆ, ಸಸಿ ಒಂದು, ತೆಂಡೆ ಒಡೆಯುವುದು ಎರಡು, ಹೀಗೆ ಸಾಗಿ ಹಾಲುಗಾಳು ಏಳು, ಹಿಟ್ಟುಗಾಳು ಎಂಟು, ಬಲಿತ ಕಾಳು ಒಂಬತ್ತು. ಈ ವಿಂಗಡಣೆಯಲ್ಲಿ ರೈತನಿಗೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ಸಂಗತಿ ಅಡಗಿದೆ. ಉಷ್ಣವಲಯದಲ್ಲಿ ಎರಡನೆಯ ಘಟ್ಟಕ್ಕೆ ಸುಮಾರು 35 ದಿನ, ಮೂರನೆಯದಕ್ಕೆ ಸುಮಾರು 30 ದಿನ ಹಿಡಿಯುತ್ತದೆ, ಮತ್ತು ತಳಿ ಯಾವುದಾದರೂ ಈ 65 ದಿನಗಳಲ್ಲಿ ಹೆಚ್ಚಿನ ಏರುಪೇರು ಇರುವುದಿಲ್ಲ. 120 ದಿನದ ತಳಿಗೂ 150 ದಿನದ ತಳಿಗೂ ಇರುವ ವ್ಯತ್ಯಾಸ ಬಹುಪಾಲು ಮೊದಲನೆಯ ಘಟ್ಟದ್ದೇ. ನಾಟಿ, ಕೂರಿಗೆ, ಡ್ರಮ್ ಸೀಡರ್ ಎಂಬ ಕ್ರಮಭೇದಗಳೆಲ್ಲ ನೇರವಾಗಿ ಕೈಯಿಡುವುದೂ ಈ ಮೊದಲನೆಯ ಘಟ್ಟಕ್ಕೇ.

ಆದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ. ನೆನೆದ ಬೀಜ ಉಸಿರಾಡಲು ಆಮ್ಲಜನಕ ಬೇಡುತ್ತದೆಯಾದರೂ ಉಳಿದ ಅನೇಕ ಧಾನ್ಯಗಳಿಗಿಲ್ಲದ ಒಂದು ಶಕ್ತಿ ಭತ್ತಕ್ಕಿದೆ: ನೀರಿನಡಿಯಲ್ಲಿ, ಆಮ್ಲಜನಕವಿಲ್ಲದ ಕಡೆಯೂ, ಮೊಳಕೆಯ ತುದಿಯನ್ನು ಹೊದ್ದಿರುವ ಕೊಳವೆಯಂಥ ಕವಚ ಉದ್ದವಾಗಿ ಬೆಳೆದು ನೀರಿನ ಮೇಲ್ಮೈಯ ಗಾಳಿಯನ್ನು ಹುಡುಕುತ್ತದೆ. ಬೇರು ಮಾತ್ರ ಆಗ ಬೆಳೆಯುವುದಿಲ್ಲ. ಬಿತ್ತಿದ ಮರುದಿನವೇ ಜಡಿಮಳೆ ಬಂದು ನೀರು ನಿಂತ ಹೊಲದಲ್ಲಿ ಬಿಳಿಚಿಕೊಂಡ ಉದ್ದನೆಯ ಮೊಳಕೆಗಳು ಕಂಡರೂ ಪೈರು ನೆಲ ಹಿಡಿಯದಿರುವುದು ಇದೇ ಕಾರಣಕ್ಕೆ. ಮೊಳಕೆ ಹೊರಬಂದ ಮೇಲೆ ಸಸಿ ಸುಮಾರು ಮೂರು ಗರಿ ಬರುವವರೆಗೆ ಬೀಜದಲ್ಲಿ ಕೂಡಿಟ್ಟ ಪಿಷ್ಟವನ್ನು ನೆಚ್ಚಿ ಬದುಕುತ್ತದೆ. ಅನಂತರ ಅದು ತನ್ನ ಬೇರು, ಗರಿಗಳ ದುಡಿಮೆಯ ಮೇಲೆಯೇ ನಿಲ್ಲಬೇಕು. ತೆಂಡೆ ಒಡೆಯುವುದಕ್ಕೂ ಒಂದು ಕ್ರಮವಿದೆ. ಜಪಾನಿನ ಕಟಯಾಮ 1951ರಲ್ಲಿ ವಿವರಿಸಿದಂತೆ ಗರಿಗಳಿಗೂ ತೆಂಡೆಗಳಿಗೂ ನಿಯತವಾದ ಹೊಂದಾಣಿಕೆ ಇದ್ದು, ಮುಖ್ಯ ಕಾಂಡದಲ್ಲಿ ಐದನೆಯ ಗರಿ ಹೊರಡುವ ಹೊತ್ತಿಗೆ ಎರಡನೆಯ ಗರಿಯ ಬುಡದಿಂದ ತೆಂಡೆ ಹೊರಡಲು ಸಾಧ್ಯವಾಗುತ್ತದೆ, ಆರನೆಯದರೊಂದಿಗೆ ಮೂರನೆಯದರಿಂದ, ಹೀಗೆ ಸರಣಿ ಮುಂದುವರಿಯುತ್ತದೆ. ಹುಟ್ಟಿದ ತೆಂಡೆಗೂ ತನ್ನದೇ ತೆಂಡೆಗಳು ಬರುವುದರಿಂದ ಸಂಖ್ಯೆ ಬೇಗ ಏರುತ್ತದೆ. ಆದರೆ ನೆರಳು, ಇಕ್ಕಟ್ಟು, ಸಾರಜನಕದ ಕೊರತೆ ಅಥವಾ ಬೇರಿನ ಗಾಯದಿಂದ ಒಂದು ತೆಂಡೆಯ ಸರದಿ ತಪ್ಪಿಹೋದರೆ ಆ ಮೊಗ್ಗು ಸುಪ್ತವಾಗಿಯೇ ಉಳಿಯುತ್ತದೆ. ಕೊನೆಕೊನೆಗೆ ಹುಟ್ಟುವ ತೆಂಡೆಗಳಲ್ಲಿ ಅನೇಕವು ತೆನೆ ಬಿಡದೆ ಸಾಯುವುದರಿಂದ ಮೊದಲ ತೆಂಡೆಗಳೇ ಬೆಳೆಯ ಆಧಾರ.

ಎರಡನೆಯ ಘಟ್ಟ ಹೊರಗಣ್ಣಿಗೆ ಕಾಣದೆ ಶುರುವಾಗುತ್ತದೆ. ತೆನೆಯ ಅಂಕುರ ಹುಟ್ಟಿದ ಹತ್ತು ದಿನಗಳ ಸುಮಾರಿಗೆ ಕಾಂಡವನ್ನು ಬುಡದಲ್ಲಿ ಉದ್ದಕ್ಕೆ ಸೀಳಿ ನೋಡಿದರೆ ಒಂದು ಮಿಲಿಮೀಟರ್ ಗಾತ್ರದ, ತುಪ್ಪುಳದಂಥ ಬಿಳಿಯ ತುದಿ ಕಾಣಿಸುತ್ತದೆ. ತೆನೆಯಲ್ಲಿ ಎಷ್ಟು ಕಾಳಿನ ಗೂಡುಗಳಿರಬೇಕೆಂಬುದು ಈ ದಿನಗಳಲ್ಲಿ ತೀರ್ಮಾನವಾಗುವುದರಿಂದಲೇ ಸಾರಜನಕದ ಕೊನೆಯ ಕಂತನ್ನು ಈ ವೇಳೆಗೆ ಕೊಡಬೇಕೆಂಬ ಶಿಫಾರಸು ಹುಟ್ಟಿದೆ. ಬಿತ್ತಿದ ದಿನದಿಂದ ಇಷ್ಟನೆಯ ದಿನ ಎಂದು ಎಣಿಸಿ ಗೊಬ್ಬರ ಹಾಕುವುದಕ್ಕಿಂತ ನಾಲ್ಕು ಕಾಂಡ ಸೀಳಿ ನೋಡುವುದು ಹೆಚ್ಚು ನಂಬಿಕೆಗೆ ಯೋಗ್ಯ, ಏಕೆಂದರೆ ಚಳಿಗಾಲದ ಒಟ್ಲು, ತಡವಾದ ನಾಟಿ, ಬದಲಾದ ತಳಿ ಇವೆಲ್ಲ ಆ ದಿನವನ್ನು ಹಿಂದೆಮುಂದೆ ಮಾಡುತ್ತವೆ. ಆಮೇಲೆ ಗಣ್ಣುಗಳು ಉದ್ದವಾಗಿ, ತುದಿಗರಿಯ ಕವಚದೊಳಗೆ ತೆನೆ ಉಬ್ಬಿ, ಗದ್ದೆ ಹೊಡೆಗೆ ಬರುತ್ತದೆ. ತೆನೆ ಹೊರಬರುವುದಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಪರಾಗಕಣಗಳ ತಾಯಿಕೋಶಗಳು ವಿಭಜನೆಯಾಗುವಾಗ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ, ಹೂ ಅರಳುವ ಬೆಳಗಿನ ಹೊತ್ತಿನಲ್ಲಿ 35 ಡಿಗ್ರಿ ದಾಟಿದರೂ ಕಾಳು ಕಟ್ಟದೆ ಜೊಳ್ಳಾಗುವ ಅಪಾಯವಿದೆ. ತುಂಗಭದ್ರಾ ಬಯಲಿನ ಬೇಸಿಗೆ ಬೆಳೆಯ ಇಕ್ಕಟ್ಟು ಇಲ್ಲಿಯೇ ಇದೆ: ಒಟ್ಲು ಬೇಗ ಹಾಕಿದರೆ ಚಳಿಯಲ್ಲಿ ಸಸಿ ಏಳುವುದಿಲ್ಲ, ತಡಮಾಡಿದರೆ ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿಬೀಳುತ್ತದೆ. ಹೊಡೆ ಮತ್ತು ಹೂವಿನ ಕಾಲದಲ್ಲಿ ನೀರು ಕೈಕೊಟ್ಟರೆ ಅದರ ನಷ್ಟವನ್ನು ಮುಂದೆ ಯಾವ ಆರೈಕೆಯಿಂದಲೂ ತುಂಬಲಾಗದು.

ಮೂರನೆಯ ಘಟ್ಟದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಾಳು ಮೊದಲು ಹಾಲು ತುಂಬಿ, ಆಮೇಲೆ ಹಿಟ್ಟಾಗಿ, ಗಟ್ಟಿಯಾಗುತ್ತದೆ. ಹಾಲುಗಾಳಿನ ದಿನಗಳಲ್ಲಿ ಗಂಧಿ ತಿಗಣೆಯ ಕಾಟ ಹೆಚ್ಚು. ತೆನೆಯ ನೂರು ಕಾಳುಗಳಲ್ಲಿ ಎಂಬತ್ತು ಎಂಬತ್ತೈದು ಹೊಂಬಣ್ಣಕ್ಕೆ ತಿರುಗಿದಾಗ, ತೇವಾಂಶ ಶೇಕಡಾ 20ರ ಆಸುಪಾಸಿನಲ್ಲಿರುವಾಗ ಕೊಯ್ದು, ಶೇಕಡಾ 14ಕ್ಕೆ ಇಳಿಯುವಂತೆ ಒಣಗಿಸಿ ಕಣಜಕ್ಕೆ ಹಾಕಬೇಕು.

ಈ ಹಂತಗಳು ಇಳುವರಿಯಾಗಿ ಹೇಗೆ ಕೂಡಿಕೊಳ್ಳುತ್ತವೆ ಎಂಬುದಕ್ಕೆ ಒಂದು ಸರಳ ಗಣಿತ ಸಾಕು. ಒಂದು ಚದರ ಮೀಟರಿನಲ್ಲಿ 300 ತೆನೆಗಳು, ತೆನೆಗೆ 100 ಕಾಳಿನ ಗೂಡುಗಳು, ಅವುಗಳಲ್ಲಿ ಶೇಕಡಾ 85 ತುಂಬಿದವು, ಸಾವಿರ ಕಾಳಿನ ತೂಕ 22 ಗ್ರಾಂ ಎಂದುಕೊಂಡರೆ ಆ ಚದರ ಮೀಟರಿನ ಫಸಲು ಸುಮಾರು 560 ಗ್ರಾಂ ಆಗುತ್ತದೆ, ಎಂದರೆ ಎಕರೆಗೆ 22ರಿಂದ 23 ಕ್ವಿಂಟಲ್. ಈ ನಾಲ್ಕು ಅಂಶಗಳಲ್ಲಿ ಮೊದಲನೆಯದು ಸಸ್ಯಕ ಘಟ್ಟದಲ್ಲಿ, ಎರಡನೆಯದು ಸಂತಾನೋತ್ಪತ್ತಿಯ ಘಟ್ಟದಲ್ಲಿ, ಉಳಿದೆರಡು ಬಹುಮಟ್ಟಿಗೆ ಹೂವಿನ ಆಸುಪಾಸಿನಲ್ಲೂ ಅದರ ನಂತರವೂ ನಿಶ್ಚಯವಾಗುತ್ತವೆ. ಬೇಸಾಯ ಕ್ರಮದ ಆಯ್ಕೆ ಮುಖ್ಯವಾಗಿ ನಿರ್ಧರಿಸುವುದು ಆ 300 ಎಂಬ ಅಂಕಿಯನ್ನು. ಸಾಲಿನಿಂದ ಸಾಲಿಗೆ 20, ಗುಣಿಯಿಂದ ಗುಣಿಗೆ 15 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಚದರ ಮೀಟರಿಗೆ 33 ಗುಣಿಗಳು ಬಂದು, ಗುಣಿಗೆ ಒಂಬತ್ತು ತೆನೆಗಳು ಸಾಕಾಗುತ್ತವೆ. ಕೂಲಿಯವರ ಕೊರತೆಯಿಂದಲೋ ಗುತ್ತಿಗೆ ನಾಟಿಯ ಅವಸರದಿಂದಲೋ ಗುಣಿಗಳು ಇಪ್ಪತ್ತಕ್ಕಿಳಿದರೆ ಅದೇ ಫಸಲಿಗೆ ಪ್ರತಿ ಗುಣಿಯೂ ಹದಿನೈದು ತೆನೆ ಕೊಡಬೇಕಾಗುತ್ತದೆ. ವಯಸ್ಸು ಮೀರಿದ ಪೈರಿನಿಂದ ಅದು ಆಗದ ಮಾತು.

ನಾಟಿ ಎಂಬುದು ಭತ್ತದ ಗಿಡಕ್ಕೆ ಬೇಕಾದ ಕ್ರಿಯೆಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಬೇರು ಕಿತ್ತು ಇನ್ನೊಂದೆಡೆ ಊರಿದ ಪೈರು ಹೊಸ ಬೇರು ಬಿಟ್ಟು ಚೇತರಿಸಿಕೊಳ್ಳಲು ಹಲವು ದಿನ ಕಳೆದುಕೊಳ್ಳುತ್ತದೆ. ಅದೇ ತಳಿಯನ್ನು ನೇರವಾಗಿ ಬಿತ್ತಿದರೆ ಏಳೆಂಟು ದಿನ ಮುಂಚಿತವಾಗಿಯೇ ಕೊಯ್ಲಿಗೆ ಬರುವುದು ಅದಕ್ಕೆ ಸಾಕ್ಷಿ. ಆದರೂ ಏಷ್ಯಾದ ರೈತ ಸಮುದಾಯಗಳು ಶತಮಾನಗಳ ಕಾಲ ನಾಟಿಯನ್ನೇ ನೆಚ್ಚಿದ್ದಕ್ಕೆ ಮೊದಲ ಕಾರಣ ಕಳೆ. ಉತ್ತು, ನೀರು ನಿಲ್ಲಿಸಿ, ಹಲುಬೆ ಹೊಡೆದು ಕೆಸರು ಮಾಡಿದ ಗದ್ದೆಯಲ್ಲಿ ಹುಟ್ಟಿದ ಕಳೆ ಮಣ್ಣಿನಡಿ ಕೊಳೆಯುತ್ತದೆ. ಹೊಸದಾಗಿ ಹುಟ್ಟಬೇಕಾದದ್ದು ನಿಂತ ನೀರಿನಿಂದ ಉಸಿರುಗಟ್ಟುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ವಾರ ವಯಸ್ಸಾದ ಪೈರು ಗದ್ದೆಗೆ ಇಳಿದು, ಕಳೆಗಿಂತ ಎತ್ತರದಲ್ಲಿ ಬದುಕು ಆರಂಭಿಸುತ್ತದೆ. ಬೇರಿಗೆ ಗಾಳಿ ಒಯ್ಯುವ ಕೊಳವೆಗಳು ಭತ್ತದ ಅಂಗಾಂಶದಲ್ಲೇ ಇರುವುದರಿಂದ ಆ ನೀರು ಭತ್ತಕ್ಕೆ ಹಾನಿ ಮಾಡುವುದಿಲ್ಲ. ಜೊತೆಗೆ ನೀರು ನಿಂತ ಮಣ್ಣಿನಲ್ಲಿ ರಂಜಕ ಮತ್ತು ಕಬ್ಬಿಣ ಬೇರಿಗೆ ಸುಲಭವಾಗಿ ದೊರೆಯುತ್ತವೆ, ಹುಳಿ ಮಣ್ಣೂ ಕ್ಷಾರ ಮಣ್ಣೂ ತಟಸ್ಥತೆಯತ್ತ ಸರಿಯುತ್ತವೆ. ಇಷ್ಟೆಲ್ಲ ಲಾಭಕ್ಕೆ ತೆರುವ ಬೆಲೆಯೂ ದೊಡ್ಡದೇ. ಕೆಸರು ಮಾಡುವುದಕ್ಕೇ 150ರಿಂದ 250 ಮಿಲಿಮೀಟರ್ ಆಳದಷ್ಟು ನೀರು ಬೇಕು. ಪದೇ ಪದೇ ತುಳಿದ ಮಣ್ಣಿನಡಿ ಗಟ್ಟಿಪದರ ಕಟ್ಟಿ ಮುಂದಿನ ಉದ್ದು, ಹೆಸರು, ಕಡಲೆಯ ಬೇರಿಗೆ ದಾರಿಯಿಲ್ಲದಂತಾಗುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಉಗುಳುತ್ತವೆ.

ನಾಟಿಯ ಯಶಸ್ಸು ಸಸಿಮಡಿಯಲ್ಲೇ ತೀರ್ಮಾನವಾಗುತ್ತದೆ. ಉಪ್ಪುನೀರಿನಲ್ಲಿ ತೇಲಿಸಿ ಜೊಳ್ಳು ಬೇರ್ಪಡಿಸಿದ ಬೀಜವನ್ನು ಒಂದು ದಿನ ನೆನೆಸಿ, ಇನ್ನೊಂದು ದಿನ ಗೋಣಿಚೀಲದಲ್ಲಿ ಬೆಚ್ಚಗಿಟ್ಟು, ಮೊಳಕೆ ಕಣ್ಣೊಡೆದ ಮೇಲೆ ಕೆಸರು ಮಡಿಯಲ್ಲಿ ಚೆಲ್ಲುವುದು ವಾಡಿಕೆ. ನೀರು ಕಡಿಮೆಯಿರುವ ಕಡೆ ಒಣ ಮಡಿ ಮಾಡುತ್ತಾರೆ, ಅದರ ಸಸಿ ಗಿಡ್ಡಾಗಿದ್ದರೂ ಬೇರು ಬಲವಾಗಿರುತ್ತದೆ. ಅಲ್ಪಾವಧಿ ತಳಿಗೆ 21ರಿಂದ 25 ದಿನ, ಮಧ್ಯಮಾವಧಿಗೆ 25ರಿಂದ 30 ದಿನದ ಪೈರು ತಕ್ಕದ್ದು ಎಂಬ ಶಿಫಾರಸಿನ ಹಿಂದಿರುವುದು ಮೇಲೆ ಹೇಳಿದ ತೆಂಡೆಯ ಸರಣಿಯೇ. ಇಕ್ಕಟ್ಟಾದ ಮಡಿಯಲ್ಲಿ ತೆಂಡೆ ಒಡೆಯಲು ಜಾಗವಿಲ್ಲ, ಆದರೆ ಗಿಡದ ವಯಸ್ಸು ನಿಲ್ಲುವುದಿಲ್ಲ. ಕಾಲುವೆ ನೀರು ತಡವಾಗಿ, 125 ದಿನದ ತಳಿಯ ಪೈರು 45 ದಿನ ಮಡಿಯಲ್ಲೇ ಉಳಿದರೆ ಗದ್ದೆಗೆ ಬಂದ ಹದಿನೈದು ದಿನಗಳಲ್ಲೇ ಅದರ ಕಾಂಡದೊಳಗೆ ತೆನೆಯ ಅಂಕುರ ಹುಟ್ಟುತ್ತದೆ; ತೆಂಡೆಗೆ ಸಿಗಬೇಕಾಗಿದ್ದ ಕಾಲ ಮಡಿಯಲ್ಲೇ ಕಳೆದುಹೋಗಿರುತ್ತದೆ. ಅಂಥ ಪೈರನ್ನು ಒತ್ತಾಗಿ, ಗುಣಿಗೆ ನಾಲ್ಕೈದು ಸಸಿಯಂತೆ ನೆಡುವುದು ಮಾತ್ರ ಉಳಿದ ಉಪಾಯ, ಮತ್ತು ಅದು ಅರೆಪರಿಹಾರವೇ ಸರಿ. ಯಾಂತ್ರಿಕ ನಾಟಿ ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು: ತಟ್ಟೆಯಲ್ಲಿ ಎರಡು ಸೆಂಟಿಮೀಟರಿನಷ್ಟು ತೆಳ್ಳನೆಯ ಮಣ್ಣಿನ ಮೇಲೆ ಬೆಳೆಸಿದ ಚಾಪೆ ಸಸಿ 15ರಿಂದ 20 ದಿನದೊಳಗೆ ಯಂತ್ರವೇರಬೇಕು, ಮೀರಿದರೆ ಬೇರು ಹೆಣೆದುಕೊಂಡು ಯಂತ್ರದ ಬೆರಳುಗಳಿಗೆ ಬಿಡಿಯಾಗಿ ಸಿಗುವುದಿಲ್ಲ. ನೀರು ಬರುವ ದಿನ ಖಚಿತವಿಲ್ಲದ ಕಾಲುವೆಯ ಕೊನೆಯಂಚಿನಲ್ಲಿ ಯಂತ್ರ ನಾಟಿಯನ್ನು ಶಿಫಾರಸು ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಳೆಯ ಪೈರಿನ ತೆಂಡೆ ಒಡೆಯುವ ಶಕ್ತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಹೊರಟದ್ದು ಶ್ರೀ ಪದ್ಧತಿ. ಮಡಗಾಸ್ಕರಿನಲ್ಲಿ ನೆಲೆಸಿದ್ದ ಜೆಸ್ವಿಟ್ ಪಾದ್ರಿ ಆಂರಿ ದ ಲೊಲಾನಿಯೆ 1980ರ ದಶಕದ ಆರಂಭದಲ್ಲಿ ರೂಪಿಸಿದ, ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪಾಫ್ ಜಗತ್ತಿಗೆ ಪರಿಚಯಿಸಿದ ಈ ಕ್ರಮದಲ್ಲಿ 8ರಿಂದ 12 ದಿನದ ಸಸಿಯನ್ನು ಬೀಜ ಸಮೇತ, ಬೇರು ಅಲುಗದಂತೆ ತೆಗೆದು, 25 ಸೆಂಟಿಮೀಟರ್ ಚೌಕದಲ್ಲಿ ಗುಣಿಗೆ ಒಂದೇ ಒಂದರಂತೆ ನೆಟ್ಟು, ನೀರು ನಿಲ್ಲಿಸದೆ ಹದವಾಗಿ ತೋಯಿಸುತ್ತ, ಕೋನೋವೀಡರ್ ಉರುಳಿಸಿ ಕಳೆಯನ್ನು ಮಣ್ಣಿಗೆ ಸೇರಿಸುತ್ತಾರೆ. ಎಕರೆಗೆ ಎರಡು ಕಿಲೋ ಬೀಜ ಸಾಕು. ಚದರ ಮೀಟರಿಗೆ 16 ಗುಣಿಗಳೇ ಇರುವುದರಿಂದ ಪ್ರತಿ ಗುಣಿಯೂ ಹತ್ತೊಂಬತ್ತು ತೆನೆ ಬಿಟ್ಟರೆ ಮೇಲಿನ 300ರ ಲೆಕ್ಕ ತುಂಬುತ್ತದೆ, ಎಳೆಯ ಸಸಿ ಅದನ್ನು ತುಂಬಬಲ್ಲದು. ಇದರ ಪ್ರಚಾರಕರು ಹೇಳಿದ ಅಸಾಧಾರಣ ಇಳುವರಿಗಳನ್ನು ಅನೇಕ ಬೆಳೆವಿಜ್ಞಾನಿಗಳು ಒಪ್ಪಲಿಲ್ಲ, ವಾದವಿವಾದ ವರ್ಷಗಟ್ಟಲೆ ನಡೆಯಿತು. ಆದರೆ ಕರ್ನಾಟಕದಲ್ಲಿ ಶ್ರೀ ಪದ್ಧತಿ ವ್ಯಾಪಕವಾಗದೆ ಉಳಿದದ್ದನ್ನು ಅರಿಯಲು ಆ ವಾದಗಳವರೆಗೆ ಹೋಗಬೇಕಿಲ್ಲ. ಸಮತಟ್ಟಾದ ಗದ್ದೆ, ಬೇಕೆಂದಾಗ ಬಿಡಬಲ್ಲ ಬೇಡವೆಂದಾಗ ಬಸಿಯಬಲ್ಲ ನೀರು, ನುರಿತ ಕೈಗಳು ಈ ಮೂರೂ ಒಟ್ಟಿಗೆ ಬೇಕಾದ ಕ್ರಮವದು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಹರಿಯುವ ಕಾಲುವೆ ಬಯಲಿನಲ್ಲಿ ಅದನ್ನು ಒಬ್ಬ ರೈತ ಒಬ್ಬನೇ ಪಾಲಿಸಲಾರ. ಅದರ ಅಂಗವಾದ ಎಳೆಯ ಪೈರು, ಆರಿಸಿ ತೋಯಿಸುವ ನೀರಾವರಿ ಇವು ಮಾತ್ರ ಬಿಡಿಬಿಡಿಯಾಗಿ ಸಾಮಾನ್ಯ ಬೇಸಾಯದೊಳಕ್ಕೂ ಬಂದಿವೆ, ಮತ್ತು ಅದು ಸಣ್ಣ ಸಾಧನೆಯಲ್ಲ.

ನೇರ ಬಿತ್ತನೆಯಲ್ಲಿ ಎರಡು ಕವಲುಗಳಿವೆ. ಮೊದಲನೆಯದರಲ್ಲಿ ಕೆಸರು ಮಾಡಿದ ಗದ್ದೆಯಲ್ಲಿ ಮೊಳಕೆ ಕಟ್ಟಿದ ಬೀಜವನ್ನು ಕೈಯಿಂದ ಎರಚುತ್ತಾರೆ ಅಥವಾ ರಂಧ್ರಗಳಿರುವ ಪ್ಲಾಸ್ಟಿಕ್ ಉರುಳೆಗಳ ಡ್ರಮ್ ಸೀಡರ್‌ನಿಂದ ಸಾಲಾಗಿ ಉದುರಿಸುತ್ತಾರೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಮೊಳಕೆ ಎರಚಿಯೇ ಬೆಳೆಯುತ್ತ ಬಂದಿರುವುದು ಇದರ ಹಳೆಯ ಮಾದರಿ. ಬೀಜ ಮಣ್ಣಿನ ಮೇಲ್ಪದರದಲ್ಲೇ ಇರುವುದರಿಂದ ಬೇರು ಆಳಕ್ಕಿಳಿಯದೆ ತೆನೆ ಭಾರಕ್ಕೆ ಪೈರು ಒರಗುವುದು, ಹಕ್ಕಿಗಳು ಬೀಜ ಆಯುವುದು, ಬಿತ್ತಿದ ಎರಡು ಮೂರು ದಿನಗಳಲ್ಲಿ ಜೋರು ಮಳೆ ಬಂದರೆ ಬೀಜವೇ ಕೊಚ್ಚಿಹೋಗುವುದು ಇದರ ತೊಡಕುಗಳು. ಜೂನ್ ತಿಂಗಳ ಕರಾವಳಿ ಮತ್ತು ಮಲೆನಾಡಿನ ಮಳೆಯನ್ನು ಬಲ್ಲವರಿಗೆ ಅಲ್ಲಿ ನಾಟಿಯೇ ಏಕೆ ಉಳಿದಿದೆ ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಎರಡನೆಯ ಕವಲು ಒಣ ಬಿತ್ತನೆ. ಧಾರವಾಡದ ಸಮೀಪದ ಮುಗದ ಕೃಷಿ ಸಂಶೋಧನಾ ಕೇಂದ್ರವು ಬಹುಕಾಲದಿಂದ ಅಧ್ಯಯನ ಮಾಡುತ್ತ ಬಂದಿರುವ ಕೂರಿಗೆ ಭತ್ತವು ಮುಂಗಾರಿನ ಮೊದಲ ಹದಕ್ಕೆ ಬಿತ್ತನೆಯಾಗಿ, ಒಂದೆರಡು ತಿಂಗಳು ಜೋಳದ ಹೊಲದಂತೆ ಎಡೆಕುಂಟೆ ಕಂಡು, ಆಮೇಲೆ ಮಳೆ ಹೆಚ್ಚಿದಂತೆ ಬದುವಿನೊಳಗೆ ನಿಂತ ನೀರಿನಲ್ಲಿ ಗದ್ದೆಯ ಭತ್ತವಾಗಿ ಬೆಳೆಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈಚೆಗೆ ಹರಡಿರುವುದೂ ತತ್ವತಃ ಇದೇ: ಕಾಲುವೆಗೆ ನೀರು ಬರುವ ಮೊದಲೇ ಮಳೆಯ ತೇವಕ್ಕೆ ಬಿತ್ತಿ, ನೀರು ಬಂದ ಮೇಲೆ ಹಾಯಿಸುವುದು. ಒಟ್ಲು, ಕೆಸರು, ನಾಟಿ ಮೂರರ ಖರ್ಚೂ ಉಳಿಯುತ್ತದೆ. ನೀರು ತಡವಾದರೂ ಗಿಡದ ಮೊದಲ ಘಟ್ಟ ವ್ಯರ್ಥವಾಗುವುದಿಲ್ಲ. ಬೀಜ ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಬೀಳಬಾರದೆಂಬ ಎಚ್ಚರ ಮಾತ್ರ ಇಲ್ಲಿ ಬಹಳ ಮುಖ್ಯ, ಏಕೆಂದರೆ ಹಸಿರು ಕ್ರಾಂತಿಯ ಗಿಡ್ಡ ತಳಿಗಳ ಮೊಳಕೆಯೂ ಗಿಡ್ಡವೇ. ಅವನ್ನು ನಾಟಿಗೆಂದು ಆರಿಸಲಾಗಿತ್ತೇ ಹೊರತು ಮಣ್ಣು ಸೀಳಿ ಮೇಲೇಳುವ ಬಲಕ್ಕಾಗಿ ಅಲ್ಲ.

ಆದರೆ ನಾಟಿಯಿಂದ ದೂರವಾದ ಕಳೆ ನೇರ ಬಿತ್ತನೆಯಲ್ಲಿ ಮರಳಿ ಬರುತ್ತದೆ. ಭತ್ತವೂ ಕಳೆಯೂ ಒಂದೇ ದಿನ ಮೊಳೆಯುತ್ತವೆ, ಕಳೆಯನ್ನು ಅಡಗಿಸಲು ನೀರಿಲ್ಲ, ಬಿತ್ತಿದ 15ನೆಯ ದಿನದಿಂದ 45ನೆಯ ದಿನದವರೆಗೆ, ಎಂದರೆ ತೆಂಡೆಗಳ ಸಂಖ್ಯೆ ನಿರ್ಧಾರವಾಗುವ ದಿನಗಳಲ್ಲಿಯೇ, ಪೈಪೋಟಿ ತೀವ್ರವಾಗಿರುತ್ತದೆ. ಬಿತ್ತಿದ ಕೂಡಲೆ ಪೆಂಡಿಮೆಥಾಲಿನ್, ಮೂರನೆಯ ವಾರದ ಹೊತ್ತಿಗೆ ಬಿಸ್‌ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕಗಳ ಸರದಿ ಈಗ ರೂಢಿಯಾಗಿದೆ. ಕಾಡುಭತ್ತದ ಸಮಸ್ಯೆಗೆ ಇವು ಯಾವುವೂ ಪರಿಹಾರವಲ್ಲ. ಅದು ಭತ್ತದ್ದೇ ಕುಲವಾದ್ದರಿಂದ ಭತ್ತಕ್ಕೆ ತಗುಲದ ಮದ್ದು ಅದಕ್ಕೂ ತಗುಲದು, ಕಾಳು ಬಲಿತೊಡನೆ ಉದುರಿ ಮುಂದಿನ ವರ್ಷಕ್ಕೆ ಮಣ್ಣಿನಲ್ಲಿ ಕಾಯುತ್ತದೆ. 2021ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಹೊರತಂದ, ಇಮಾಝೆಥಾಪಿರ್ ಎಂಬ ಕಳೆನಾಶಕವನ್ನು ತಾಳಿಕೊಳ್ಳುವ ಬಾಸ್ಮತಿ ತಳಿಗಳಂಥವು ಈ ತೊಂದರೆಗೆ ಉತ್ತರವೆಂದು ಹೇಳಲಾಗುತ್ತದೆಯಾದರೂ, ಆ ತಾಳಿಕೆಯ ಗುಣ ಪರಾಗದ ಮೂಲಕ ಕಾಡುಭತ್ತಕ್ಕೇ ದಾಟುವ ಅಪಾಯವನ್ನು ಕಡೆಗಣಿಸುವಂತಿಲ್ಲ. ನೇರ ಬಿತ್ತನೆಯನ್ನು ಪ್ರತಿ ವರ್ಷವೂ ಒಂದೇ ಗದ್ದೆಯಲ್ಲಿ ಮುಂದುವರಿಸದೆ ಮೂರು ನಾಲ್ಕು ವರ್ಷಕ್ಕೊಮ್ಮೆ ಕೆಸರು ನಾಟಿಗೆ ಮರಳುವುದು ಹೆಚ್ಚು ವಿವೇಕದ ದಾರಿಯಾಗಿ ತೋರುತ್ತದೆ.

ಬೆಳೆಯ ಉದ್ದಕ್ಕೂ ನೀರು ನಿಲ್ಲಿಸದೆ, ರಾಗಿಯಂತೆ ನೀರು ಹಾಯಿಸಿ ಬೆಳೆಯುವ ಏರೋಬಿಕ್ ಭತ್ತ ಇನ್ನೂ ಒಂದು ಹೆಜ್ಜೆ ಮುಂದಿನದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಶೈಲಜಾ ಹಿತ್ತಲಮನಿ ಅವರ ತಂಡ ಅಭಿವೃದ್ಧಿಪಡಿಸಿದ ಎಂಎಎಸ್ 946-1 ತಳಿ ಈ ಕ್ಷೇತ್ರದಲ್ಲಿ ದೇಶದ ಮೊದಲ ಪ್ರಯತ್ನಗಳಲ್ಲೊಂದು. ಕೊಳವೆಬಾವಿಯ ಅಲ್ಪ ನೀರಿನಲ್ಲಿ ಮನೆಮಟ್ಟಿಗೆ ಭತ್ತ ಬೆಳೆಯಬಯಸುವ ಒಣನಾಡಿನ ರೈತನಿಗೆ ಇದು ವರ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಮಾತ್ರ, ಗಾಳಿಯಾಡುವ ಕಾರಣ ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಎಳೆಗರಿಗಳು ಹಳದಿಯಾಗುತ್ತವೆ. ಬೇರುಗಂಟು ಜಂತುಹುಳುವಿನ ಬಾಧೆಯೂ ನಿಂತ ನೀರಿನ ಗದ್ದೆಗಿಂತ ಇಲ್ಲಿ ಹೆಚ್ಚು.

ಕ್ರಮಗಳ ಹೋಲಿಕೆಯಲ್ಲಿ ಬಿಟ್ಟುಹೋಗುವ ಒಂದು ಪಾಲಿದೆ. ಪೈರು ಕೀಳುವುದು, ನೆಡುವುದು, ಕಳೆ ತೆಗೆಯುವುದು ಬಹುಪಾಲು ಹೆಂಗಸರ ದುಡಿಮೆ. ತುಳುನಾಡಿನ ಓಬೇಲೆಯಂಥ ಹಾಡುಗಳು ಹುಟ್ಟಿದ್ದು ಆ ದುಡಿಮೆಯ ನಡುವೆ, ಮಳೆಯಲ್ಲಿ ಬೆನ್ನು ಬಾಗಿಸಿ ಕೆಸರಿನಲ್ಲಿ ನಿಂತವರ ಬಾಯಲ್ಲಿ. ನಾಟಿ ಹೋದರೆ ಆ ಬೆನ್ನುನೋವೂ ಹೋಗುತ್ತದೆ ಎಂಬುದು ನಿಜ, ಆದರೆ ಮುಂಗಾರಿನ ಕೂಲಿಯೂ ಹೋಗುತ್ತದೆ. ನೇರ ಬಿತ್ತನೆಯಲ್ಲಿ ಎಕರೆಗೆ ಉಳಿಯಿತೆನ್ನುವ ಹಣದ ಬಹುಭಾಗ ಭೂಮಿಯಿಲ್ಲದ ಹೆಂಗಸರ ಕೈ ಸೇರಬೇಕಾಗಿದ್ದ ಹಣ. ಚಾಪೆ ಸಸಿ ಬೆಳೆಸುವ ಕೆಲಸವನ್ನು, ಯಂತ್ರಗಳ ಬಾಡಿಗೆ ಕೇಂದ್ರಗಳನ್ನು ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿದರೆ ಆ ನಷ್ಟದ ಒಂದಂಶವನ್ನಾದರೂ ತುಂಬಬಹುದು. ಬೇಸಾಯ ಕ್ರಮದ ಶಿಫಾರಸಿನಲ್ಲಿ ಇದೂ ಸೇರಿರಬೇಕು.

ಅಚ್ಚುಕಟ್ಟು ಪ್ರದೇಶಗಳಲ್ಲಿ ಕ್ರಮದ ಆಯ್ಕೆ ಕೊನೆಗೂ ರೈತನ ಕೈಯಲ್ಲಿ ಪೂರ್ತಿಯಾಗಿ ಇಲ್ಲ. ಜಲಾಶಯದ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಕಾಲುವೆಗೆ ನೀರು ಬಿಡುವ ದಿನ ಗೊತ್ತುಮಾಡಿದಾಗಲೇ ಯಾವ ವಯಸ್ಸಿನ ಪೈರು ಗದ್ದೆಗಿಳಿಯುತ್ತದೆ, ಹೂವು ಯಾವ ತಿಂಗಳ ಬಿಸಿಲಿಗೋ ಚಳಿಗೋ ಸಿಗುತ್ತದೆ ಎಂಬುದೂ ಗೊತ್ತಾಗಿಬಿಡುತ್ತದೆ. ಒಟ್ಲು ಹಾಕುವವನಿಗೆ ಆ ದಿನ ಒಂದು ತಿಂಗಳು ಮೊದಲೇ ತಿಳಿಯಬೇಕು. ಒಣ ಬಿತ್ತನೆ ಮಾಡುವವನಿಗೆ ಭೂಮಿ ಹಸನು ಮಾಡಿ, ಬೀಜ ಹೊಂದಿಸಿಕೊಳ್ಳಲು ಅದಕ್ಕಿಂತ ಮುಂಚೆ ತಿಳಿಯಬೇಕು. ಒಳಹರಿವು ಮುಂಗಾರನ್ನು ಅವಲಂಬಿಸಿರುವುದರಿಂದ ಖಚಿತ ದಿನವನ್ನು ಅಷ್ಟು ಮೊದಲೇ ಹೇಳಲಾಗದಿರಬಹುದು. ಆದರೆ ನೀರು ಜುಲೈ ನಡುವಿನೊಳಗೆ ಬಂದರೆ ನಾಟಿ ಮತ್ತು ದೀರ್ಘಾವಧಿ ತಳಿ, ತಡವಾಗುವ ಸೂಚನೆಯಿದ್ದರೆ ಮಳೆಯ ತೇವಕ್ಕೆ ಕೂರಿಗೆ ಮತ್ತು ಅಲ್ಪಾವಧಿ ತಳಿ, ಕಾಲುವೆಯ ಕೊನೆಯಂಚಿಗೆ ಸಾಮಾನ್ಯವಾಗಿ ಒಣ ಬಿತ್ತನೆ ಎಂಬಂಥ ಷರತ್ತುಬದ್ಧ ಯೋಜನೆಯನ್ನು ಮೇ ತಿಂಗಳಲ್ಲೇ ಪ್ರಕಟಿಸುವುದಕ್ಕೆ ಅಡ್ಡಿಯಿಲ್ಲ. ಅದಕ್ಕೆ ಬೇಕಾದ ತಳಿಯ ಬೀಜವನ್ನು ರೈತ ಸಂಪರ್ಕ ಕೇಂದ್ರಗಳಲ್ಲಿ ಆ ಹೊತ್ತಿಗೇ ದಾಸ್ತಾನು ಮಾಡಿಡುವುದಕ್ಕೂ ಅಡ್ಡಿಯಿಲ್ಲ.